ಓದದೆ ಬಿಟ್ಟ ಎಂಟನೆಯ ಸಂಧಿ

ಬೀದರ ಜಿಲ್ಲೆಯ ಔರಾದ ಕಡೆಯ ಎಕಂಬಾ ಎಂಬ ಊರಲ್ಲಿ ಪುರಾಣ ಹೇಳುವವರು ಎಷ್ಟೋ ಜನ ಬಂದು ಹೋದರು. ಪುರಾಣ ಕೇಳುವವಳು ಮಾತ್ರ ಒಬ್ಬಳೇ, ಕೌಸಲ್ಯಾಬಾಯಿ. ಉಳಿದವರೆಲ್ಲ ಗುಡಿಗೆ ಬಂದು ಕೂತಿರುತ್ತಿದ್ದರು, ಅಷ್ಟೆ. ಶ್ರಾವಣದಲ್ಲಿ ಹಣಮಂದೇವರ ಗುಡಿಯ ಕಂಬಕ್ಕೆ ಬೆನ್ನು ಕೊಟ್ಟು, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ ಆಕೆ ಕೂತಳೆಂದರೆ, ಪುರಾಣದ ಕಾಶೀರಾಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಪದ್ಯ ಹಾಡಬೇಕು, ಅರ್ಥ ಹೇಳಬೇಕು, ಮುಂದಿನ ಪದ್ಯಕ್ಕೆ ಹೋಗಬೇಕು. ಇದು ಅವನ ಕೆಲಸ. ಅರ್ಥ ಹೇಳುವಾಗ ಎಲ್ಲಾದರೂ ಅವಸರ ಮಾಡಿದನೋ, ಕಂಬದ ಕಡೆಯಿಂದ ಒಂದು ಕೆಮ್ಮು ಬರುತ್ತಿತ್ತು. ಪಾಪ, ಅವನು ಹಿಂದಕ್ಕೆ ಹೋಗಿ ಅದೇ ಪದ್ಯವನ್ನು ಮತ್ತೆ ಬಿಡಿಸುತ್ತಿದ್ದ. ಓದು ಬರಹ ಬಾರದ ಆ ಹೆಂಗಸಿಗೆ ಮಂದಾರಪುರದ ಪುರಾಣ ಅಷ್ಟೂ ಬಾಯಿಗೆ ಬರುತ್ತಿತ್ತು, ಎಂಟನೆಯ ಸಂಧಿ ಒಂದನ್ನು ಬಿಟ್ಟು.

ಆ ಪುರಾಣದ ಕಥೆ ದೊಡ್ಡದೇನಲ್ಲ. ಮಂದಾರಪುರದ ಅರಸ ಯುದ್ಧದಲ್ಲಿ ಸತ್ತಿದ್ದಾನೆ. ಊರಿಗೆ ಬರ ಬಿದ್ದಿದೆ. ಅರಮನೆಯಲ್ಲಿ ಉಳಿದವರು ದೊಡ್ಡರಾಣಿ ಮತ್ತು ಅವಳ ಸವತಿ ಮಣಿಲೇಖೆ. ದೊಡ್ಡರಾಣಿ ಕಣಜದ ಬಾಗಿಲು ತೆಗೆಸುತ್ತಾಳೆ, ತನ್ನ ಪಾಲಿನ ಗಂಜಿಯನ್ನು ದಾಸಿಗೆ ಕುಡಿಸುತ್ತಾಳೆ, ಒಣಗಿದ ಕೆರೆಯ ದಂಡೆಗೆ ಕೂತು ಸಂಧಿ ತುಂಬ ದುಃಖಿಸುತ್ತಾಳೆ. ಏಳನೆಯ ಸಂಧಿಯ ಕೊನೆಯಲ್ಲಿ ಮಣಿಲೇಖೆ, ಊರೆಲ್ಲ ಮಲಗಿದ್ದಾಗ, ಕಾಲ್ಗೆಜ್ಜೆ ಬಿಚ್ಚಿ ಹೊಸ್ತಿಲ ಮೇಲಿಟ್ಟು ಹೋಗಿಬಿಡುತ್ತಾಳೆ. ಒಂಬತ್ತನೆಯ ಸಂಧಿಯಲ್ಲಿ ಸಾಲು ಬಂಡಿ ತುಂಬ ಕಾಳು ತಂದು ತಿರುಗಿ ಬರುತ್ತಾಳೆ. ಊರು ಉಳಿಯುತ್ತದೆ. ಆದರೆ ದೊಡ್ಡರಾಣಿ ಅವಳ ಕಡೆ ನೋಡುವುದಿಲ್ಲ, ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ. ಅಲ್ಲಿಗೆ ಮಂಗಳ.

ನಡುವಿನ ಎಂಟನೆಯದು ಮಣಿಲೇಖೆ ಊರು ಬಿಟ್ಟು ನಡೆದ ಸಂಧಿ. ಅದನ್ನು ಊರ ಸೀಮೆಯೊಳಗೆ ಓದಬಾರದು. ಓದಿದರೆ ಕೇಳಿದವರ ಕಾಲು ಊರಲ್ಲಿ ನಿಲ್ಲುವುದಿಲ್ಲವೆಂದು ಹಿಂದಿನವರು ಕಟ್ಟು ಮಾಡಿದ್ದರು. ಹಾಗಾಗಿ ಪ್ರತಿ ಶ್ರಾವಣದಲ್ಲೂ ಕಾಶೀರಾಮ ಆ ಹಾಳೆಗಳಿಗೆ ಹೂವು ಏರಿಸಿ, ಕೈ ಮುಗಿದು, ಒಟ್ಟಿಗೆ ಮಗುಚಿ ಒಂಬತ್ತಕ್ಕೆ ಹೋಗುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಕೇಳುವವರಿಗೆ ಗೊತ್ತಿದ್ದದ್ದು ಇಷ್ಟು: ಹೋದಳು, ಬಂದಳು. ನಡುವೆ ಏನು ಮಾಡಿದಳೋ ಅದನ್ನು ಅವರವರ ಬಾಯಿ ತುಂಬಿಸಿಕೊಂಡಿತ್ತು. ಗೆಜ್ಜೆ ಬಿಚ್ಚಿದ್ದೆಂದರೆ ಮರ್ಯಾದೆ ಬಿಚ್ಚಿಟ್ಟಳು ಎಂದರು. ಒಂಬತ್ತನೆಯ ಸಂಧಿಯಲ್ಲಿ ಅವಳ ತಲೆಯ ಮೇಲೆ ಬಿಳಿಯ ಪುಡಿ ಇತ್ತೆಂದು ಕವಿ ಹೇಳುತ್ತಾನೆ. ಅದು ಪರದೇಶದ ಸುವಾಸನೆಯ ಪುಡಿ, ಯಾರು ಹಚ್ಚಿದರೋ ಎಂದು ಕಾಶೀರಾಮ ಅರ್ಥ ಹೇಳಿದರೆ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಗ ಕಂಬದ ಕಡೆಯಿಂದ ಕೆಮ್ಮು ಬರುತ್ತಿರಲಿಲ್ಲ.

ಕೌಸಲ್ಯಾಬಾಯಿಗೆ ದೊಡ್ಡರಾಣಿ ಎಂದರೆ ಜೀವ. ಅವಳು ಮುಖ ತಿರುಗಿಸುವ ಪದ್ಯ ಬಂದರೆ ಇವಳ ಕುತ್ತಿಗೆಯೂ ನೆಟ್ಟಗಾಗುತ್ತಿತ್ತು. ಮಾನವೆಂದರೆ ಅದು, ಬಂಡಿಗಟ್ಟಲೆ ಕಾಳು ಬಂದರೂ ಬಾಗದ ತಲೆ ಅದು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿ ಹೇಳಿ ನೆರೆಯವರ ಕಿವಿ ತೂತು ಮಾಡುತ್ತಿದ್ದಳು.

ಇಂಥವಳ ಮನೆಯಲ್ಲೇ ಒಬ್ಬಳು ಊರು ಬಿಟ್ಟು ಹೋದಳು.

ಮಗ ದತ್ತಾತ್ರಿ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು. ಅತ್ತೆ ಕೌಸಲ್ಯಾಬಾಯಿ, ಸೊಸೆ ಶಾಲುಬಾಯಿ, ಮೊಮ್ಮಗಳು ಅನಸೂಯಾ. ಎಪ್ಪತ್ತೆರಡನೆಯ ಇಸವಿಯಲ್ಲಿ ಮಳೆ ಕೈ ಕೊಟ್ಟಿತು. ಅದರ ಹಿಂದಿನ ವರ್ಷವೂ ಕೊಟ್ಟಿತ್ತು. ಬಾವಿಗಳು ತಳ ಕಂಡವು. ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಮುಂಬೈಗೆ ಬಸ್ಸು ಹತ್ತತೊಡಗಿದರು. ಗಂಡ ಹೆಂಡತಿ ಕೂಡಿ ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಶಾಲುಬಾಯಿ ಗಂಡನಿಲ್ಲದ ಹೆಂಗಸು. ಒಬ್ಬಳೇ, ಕತ್ತಲು ಹರಿಯುವ ಮೊದಲು, ಯಾರಿಗೂ ಹೇಳದೆ ಹೋದಳು. ಬೆಳಗಾದ ಮೇಲೆ ನೆರೆಯವರು ಬಂದು ಸೊಸೆ ಎಲ್ಲೆಂದು ಕೇಳಿದರು. ಕೌಸಲ್ಯಾಬಾಯಿ ಉರಿಯುತ್ತಿದ್ದಳು. ಮಣಿಲೇಖಿ ಹೋದಲ್ಲಿಗೆ ಹೋಗಿದ್ದಾಳೆ ಎಂದುಬಿಟ್ಟಳು. ಮಾತು ಬಾಯಿಂದ ಜಾರಿದ್ದೇ ತಡ, ಊರು ಅದನ್ನು ಎತ್ತಿಕೊಂಡಿತು. ಅಂದಿನಿಂದ ಶಾಲುಬಾಯಿಯ ಹೆಸರು ಹೋಯಿತು, ಮಣಿಲೇಖಿ ಎಂಬುದು ನಿಂತಿತು. ಪುರಾಣದಿಂದ ಹೆಸರು ತೆಗೆದು ಸೊಸೆಗೆ ಇಟ್ಟವಳು ಪುರಾಣ ಬಲ್ಲವಳೇ ಆದ್ದರಿಂದ ತಪ್ಪಿರಬಹುದೆಂದು ಯಾರಿಗೂ ಅನಿಸಲಿಲ್ಲ. ಆ ಬೆಳಗಿನ ಮಾತನ್ನು ಯಾರಾದರೂ ಮತ್ತೆ ತೆಗೆದರೆ ಮಾತ್ರ ಕೌಸಲ್ಯಾಬಾಯಿ ಏನೋ ಕೆಲಸ ನೆಪ ಮಾಡಿ ಎದ್ದು ಹೋಗುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಒಂದು ರವಿವಾರ ಶಾಲುಬಾಯಿ ಬಂದಳು. ಬೀದರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಅಲ್ಲೇ ಹತ್ತಿರ ಮೈಲೂರಿನಲ್ಲಿ ಮರಿಯಮಬೀ ಎಂಬಾಕೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಮಗಳನ್ನು ಕರೆದೊಯ್ದು ಅಲ್ಲಿ ಸಾಲೆಗೆ ಹಾಕಬೇಕೆಂದು ಬಂದಿದ್ದಳು. ಕೌಸಲ್ಯಾಬಾಯಿ ನೀರಿನ ಚರಿಗೆ ಮುಂದಿಟ್ಟಳು, ಮುಖ ನೋಡಲಿಲ್ಲ. ಹುಡುಗಿ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗಿ ಕೂತಿತು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕೊನೆಗೆ ಅಲ್ಲಿಂದಲೇ, ತಾನು ಮಣಿಲೇಖಿಯ ಜೊತೆ ಹೋಗುವುದಿಲ್ಲ ಎಂದು ಹೇಳಿತು.

ಶಾಲುಬಾಯಿ ಅಳಲಿಲ್ಲ. ಸೆರಗು ಸರಿ ಮಾಡಿಕೊಂಡು ಎದ್ದಳು.

"ಬರೂ ರವಿವಾರ ಮತ್ತ ಬರ್ತೇನ್ರಿ ಅತ್ತಿ. ಅವತ್ತೂ ಆಕಿ ಬರೂದಿಲ್ಲಂದ್ರ ಮುಂದ ನಾ ಈ ಹೊಸ್ತಿಲಾ ತುಳಿಯೂದಿಲ್ಲ. ಆಕೀನ ಹಟ ಹಿಡಿದು ಒಯ್ಯಾಕ ನನಗ ಮನಸಿಲ್ಲ."

ಸೊಸೆ ಅತ್ತ ಹೋದದ್ದೇ ಕೌಸಲ್ಯಾಬಾಯಿ ಇತ್ತ ಸಾಲೆಗೆ ಹೊರಟಳು. ಮೊಮ್ಮಗಳು ಹೋದರೆ ತನ್ನ ಮನೆಯಲ್ಲಿ ಮಾತಾಡುವ ಬಾಯಿ ಯಾವುದು? ಸಾಲೆಯಿಂದ ಹುಡುಗಿಯ ವರ್ಗಾವಣೆ ದಾಖಲೆ ಕೊಡಬಾರದೆಂದು ಹೇಳಿ ಬರಬೇಕು. ಸಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೇಶರಬಾಯಿ ಇದ್ದರು. ಭಾಲ್ಕಿಯವರು, ಬೀದರದಲ್ಲಿ ಓದಿ ಬಂದವರು, ಸಾಲೆಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಹಿಂದಿನ ಶ್ರಾವಣದಲ್ಲಿ ತಪ್ಪದೆ ಗುಡಿಗೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಅದಕ್ಕೇ ಅವರ ಬಗ್ಗೆ ಕೌಸಲ್ಯಾಬಾಯಿಗೆ ಒಳ್ಳೆಯ ಅಭಿಪ್ರಾಯವಿತ್ತು.

ಕೇಶರಬಾಯಿ ಎಲ್ಲ ಕೇಳಿಸಿಕೊಂಡರು. ಹುಡುಗಿ ಬೇಡವೆಂದರೆ ದಾಖಲೆ ಕೊಡುವುದಿಲ್ಲ, ಹೋಗುತ್ತೇನೆಂದರೆ ತಡೆಯುವುದಿಲ್ಲ ಎಂದರು. ಆಮೇಲೆ ಒಂದು ಸಂಗತಿ ಹೇಳಿದರು. ಪುರಾಣದಲ್ಲಿ ಬರುವ ಯಾರ ಬಗ್ಗೆಯಾದರೂ ಹೇಳಿ ಎಂದು ಮಕ್ಕಳನ್ನು ಕೇಳಿದ್ದರಂತೆ. ಎಲ್ಲರೂ ದೊಡ್ಡರಾಣಿಯ ಬಗ್ಗೆ ಹೇಳಿದರು. ಅನಸೂಯಾ ಎದ್ದು ನಿಂತು, ಮಣಿಲೇಖಿ ನಮ್ಮ ಅವ್ವ, ಆಕೆ ಕೆಟ್ಟವಳು, ದೊಡ್ಡವಳಾದ ಮೇಲೆ ನಾನೂ ಹಾಗೇ ಆಗುತ್ತೇನಂತೆ ಎಂದಳು. ಬೇರೆ ಮಕ್ಕಳು ನಕ್ಕರು. ಹುಡುಗಿ ನಗಲಿಲ್ಲ.

ಕೌಸಲ್ಯಾಬಾಯಿಗೆ ಆ ಮಾತು ನಾಟಿತು. ಆದರೂ ಸೋಲುವ ಹೆಂಗಸಲ್ಲ. ಮಗು ಏನೋ ಅಂದಿತು, ಹಾಗಂತ ಮಣಿಲೇಖಿ ಒಳ್ಳೆಯವಳಾಗುತ್ತಾಳೆಯೇ ಎಂದು ವಾದಕ್ಕೆ ನಿಂತಳು. ಆಗ ಕೇಶರಬಾಯಿ ಹೇಳಿದರು:

"ಆಯಿ, ನಿಮ್ಮಷ್ಟು ಚಲೋ ಪುರಾಣ ಕೇಳೋರನ್ನ ನಾ ಬೀದರ ಕಾಲೇಜಿನ್ಯಾಗೂ ನೋಡಿಲ್ಲರಿ. ಅದಕ್ಕ ಕೇಳ್ತೇನಿ. ನಡುವಿನ ಸಂಧಿ ಕೇಳದನ ಆಕಿ ಇಂಥಾಕಿ ಅಂತ ಹ್ಯಾಂಗ ಹೇಳಿದ್ರಿ?"

ಭಾಲ್ಕಿಯಲ್ಲಿ ತನ್ನ ಅಜ್ಜನ ಮನೆಯಲ್ಲಿ ಇದೇ ಪುರಾಣವನ್ನು ಒಂದು ಪದ್ಯವೂ ಬಿಡದೆ ಓದುತ್ತಿದ್ದರೆಂದು ಅವರು ಹೇಳಿದರು. ಭಾಲ್ಕಿಯವರಿಗೆ ಸೀಮೆ ಇಲ್ಲವೇನು ಎಂದು ಕೌಸಲ್ಯಾಬಾಯಿ ಸಿಡಿದಳು. ರೈಲು ಬಂದ ಮೇಲೆ ನಮ್ಮ ಸೀಮೆ ಎಲ್ಲಿ ಉಳಿಯಿತು ಎಂದು ಅವರು ನಕ್ಕರು. ಇವಳಿಗೂ ನಗು ಬಂತು, ತಡೆದುಕೊಂಡಳು. ಎಕಂಬಾದಲ್ಲಿ ಸೀಮೆ ಇದೆ, ಸೀಮೆಯೊಳಗೆ ಆ ಸಂಧಿ ಓದುವುದು ಆಗದ ಮಾತು ಎಂದು ಹೊರಟಳು.

"ಹೌದ್ರಿ, ಸೀಮಿಯೊಳಗ ಬ್ಯಾಡ," ಎಂದರು ಕೇಶರಬಾಯಿ. "ಆದ್ರ ನೀವು ದಿನಾ ಮಣ್ಣು ಹೊರಾಕ ಎಲ್ಲಿಗಿ ಹೋಗ್ತೀರಿ?"

ಬರಗಾಲದ ಕಾಮಗಾರಿ ಎಂದು ಸರಕಾರ ಕೆರೆ ತೋಡಿಸುತ್ತಿತ್ತು. ಆ ಕೆರೆ ಇದ್ದದ್ದು ಸೀಮೆಯ ಕಲ್ಲಿನ ಆಚೆ. ಊರಿನಲ್ಲಿ ಉಳಿದ ಜನರೆಲ್ಲ ಬೆಳಗಾದರೆ ಕಲ್ಲು ದಾಟಿ ಹೋಗಿ ಹೊತ್ತು ಇಳಿದ ಮೇಲೆ ಬರುತ್ತಿದ್ದರು. ಇಡೀ ಎಕಂಬಾ ದಿನವೆಲ್ಲ ಎಕಂಬಾದ ಹೊರಗೆ ಇರುವುದು ಕೌಸಲ್ಯಾಬಾಯಿಯ ಲಕ್ಷ್ಯಕ್ಕೇ ಬಂದಿರಲಿಲ್ಲ.   ಈ ಹೆಂಗಸು ಬಲು ಗಟ್ಟಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಕೆರೆಯ ಹತ್ತಿರ ಆ ಸಂಧಿ ಓದಲು ಕಾಶೀರಾಮ ಮೊದಲು ಒಪ್ಪಲಿಲ್ಲ. ತನ್ನ ಅಪ್ಪ ಮಾಡದ್ದನ್ನು ತಾನು ಹೇಗೆ ಮಾಡಲಿ ಎಂದ. ಕಟ್ಟು ಮುರಿಯುತ್ತಿಲ್ಲ, ಕಟ್ಟಿನ ಪ್ರಕಾರವೇ ನಡೆಯುತ್ತಿದ್ದೇವೆ ಎಂದು ಕೇಶರಬಾಯಿ ತಿಳಿಸಿ ಹೇಳಿದರು. ಈ ಸಂಧಿಯನ್ನು ಓದದೆ ಬಿಟ್ಟರೂ ಅರ್ಧ ಊರು ಹೋಗಿಯೇ ಹೋಯಿತಲ್ಲ ಎಂದೂ ಅಂದರು. ಅದನ್ನು ಕೇಳಿ ಕಾಶೀರಾಮ ಎದ್ದು ಹೋಗಿ ಪುರಾಣದ ಹಾಳೆಗಳ ಗಂಟು ತಂದ. ಅವನ ಇಬ್ಬರು ಮಕ್ಕಳೂ ಮುಂಬೈಯಲ್ಲಿದ್ದರು.

ಕಾಮಗಾರಿ ನೋಡಿಕೊಳ್ಳುವ ಮುಕಾದಮ ಖಾಸಿಂ ಅಲಿ ತಾನಾಗಿಯೇ ಮಧ್ಯಾಹ್ನದ ಬಿಡುವನ್ನು ತುಸು ಉದ್ದ ಮಾಡಿಕೊಟ್ಟ. ತನ್ನ ತಂದೆಯೂ ಗುಡಿಯ ಕಟ್ಟೆಗೆ ಕೂತು ಈ ಪುರಾಣ ಕೇಳುತ್ತಿದ್ದ, ತನಗೂ ಆ ಸಂಧಿ ಗೊತ್ತಿಲ್ಲ ಎಂದು ಬೇವಿನ ಮರದ ಬುಡದಲ್ಲಿ ಎಲ್ಲರಿಗಿಂತ ಮುಂದೆ ಬಂದು ಕೂತ. ಜನ ರೇಷನ್ನಿನ ಕೆಂಪು ಜೋಳದ ರೊಟ್ಟಿ ತಿಂದು, ಬುಟ್ಟಿ ಮಗುಚಿ ಹಾಕಿ, ಅದರ ಮೇಲೆ ಕೂತರು. ಕೌಸಲ್ಯಾಬಾಯಿ ಬೇವಿನ ಮರಕ್ಕೆ ಬೆನ್ನು ಕೊಟ್ಟಳು. ಅನಸೂಯಾ ಅವಳ ಮಗ್ಗುಲಿಗೆ ಇದ್ದಳು. ಕಾಶೀರಾಮ ಹಾಳೆಗಳನ್ನು ತೆರೆದ.  ಜೀವಮಾನದಲ್ಲಿ ಬಾಯಿಬಿಟ್ಟು ಹಾಡದ ಪದ್ಯಗಳು ಅವು. ಮೊದಲೆರಡು ಪದ್ಯಗಳಲ್ಲಿ ದನಿ ಎಡವಿತು. ಆಮೇಲೆ ಹಿಡಿತಕ್ಕೆ ಬಂತು. ಅರ್ಥ ಹೇಳಿದವರು ಕೇಶರಬಾಯಿ.

ಏನು ಹೇಳಿದರು ಅಂತೀರಿ! ಹಸಿ ಕಡಲೆ ಸುಲಿದು ಕೈಗೆ ಕೊಟ್ಟಷ್ಟು ಸಲೀಸಾಗಿ ಪದ್ಯ ಬಿಡಿಸುತ್ತಿದ್ದರು. ಮಣಿಲೇಖೆ ಗೆಜ್ಜೆ ಬಿಚ್ಚಿದ್ದು ಯಾಕೆಂದು ಮೊದಲ ಪದ್ಯದಲ್ಲೇ ಇತ್ತು. ಬೀದಿಯ ಎರಡೂ ಕಡೆ ಊರಿನ ಮಕ್ಕಳು ಬರಿಹೊಟ್ಟೆಯಲ್ಲಿ ಮಲಗಿವೆ. ಗೆಜ್ಜೆಯ ಸದ್ದಿಗೆ ಮಕ್ಕಳು ಎಚ್ಚರಾದರೆ ಅವುಗಳ ಹಸಿವೂ ಎಚ್ಚರಾಗುತ್ತದೆ. ಇಷ್ಟನ್ನು ಕವಿ ಒಂದೇ ಸಾಲಿನಲ್ಲಿ ಹೇಳಿದ್ದ. ಕೇಶರಬಾಯಿ ಆ ಸಾಲನ್ನು ಮತ್ತೊಮ್ಮೆ ಹಾಡಿಸಿದರು. ಕೌಸಲ್ಯಾಬಾಯಿಯ ಮೈಮೇಲೆ ಮುಳ್ಳು ಎದ್ದವು. ಇಷ್ಟು ವರ್ಷ ಇಂಥ ಸಾಲೊಂದು ತನ್ನ ಪುರಾಣದ ಒಳಗೇ ಮಲಗಿತ್ತಲ್ಲ, ತಾವೆಲ್ಲ ಅದರ ಮೇಲೆ ಹೂವು ಹಾಕಿ ಮುಂದೆ ಹೋಗುತ್ತಿದ್ದೆವಲ್ಲ ಎಂದು ಸಂಕಟವಾಯಿತು. ಕವಿಯ ಮೇಲಿನ ಪ್ರೀತಿ ಇನ್ನಷ್ಟು ಹೆಚ್ಚಿತು.

ಮುಂದೆ ಮಣಿಲೇಖೆ ಹೆಸರು ಗೊತ್ತಿಲ್ಲದ ಊರಿಗೆ ಹೋಗುತ್ತಾಳೆ. ರಾಣಿಯೆಂದು ಹೇಳಿಕೊಳ್ಳುವುದಿಲ್ಲ. ಕಂಡವರ ಮನೆಯಲ್ಲಿ ಬೀಸುವ ಕೆಲಸಕ್ಕೆ ನಿಲ್ಲುತ್ತಾಳೆ. ಕೂಲಿಯಾಗಿ ಕಾಳೇ ಕೊಡಿ ಎನ್ನುತ್ತಾಳೆ, ಅದರಲ್ಲಿ ಹಿಡಿಯಷ್ಟು ತಿಂದು ಉಳಿದದ್ದನ್ನು ಕೂಡಿಡುತ್ತಾಳೆ. ಬೀಸಿ ಬೀಸಿ ಅಂಗೈ ಒಡೆಯುತ್ತದೆ. ಹಾರಿದ ಹಿಟ್ಟು ತಲೆಗೂದಲಿಗೆ ಮೆತ್ತಿ, ಎಷ್ಟು ತೊಳೆದರೂ ಹೋಗದ ಹಾಗೆ ನಿಲ್ಲುತ್ತದೆ. ಇಲ್ಲಿಗೆ ಬಂದಾಗ ಕಾಶೀರಾಮ ಹಾಡುವುದನ್ನು ನಿಲ್ಲಿಸಿಬಿಟ್ಟ. ಹಾಳೆಯನ್ನೇ ನೋಡುತ್ತ ಕೂತ.

"ಆ ಪುಡಿ ಹಿಟ್ಟು ಇತ್ತು," ಎಂದ ಸಣ್ಣ ದನಿಯಲ್ಲಿ. "ನಾ ಏನೇನ ಹೇಳಿದೆ."

ಕೇಶರಬಾಯಿ ಅವನನ್ನು ನೋಯಿಸಲಿಲ್ಲ. ಎಂಟನೆಯದನ್ನು ಓದದೆ ಒಂಬತ್ತಕ್ಕೆ ಹೋದರೆ ಎಂಥ ಪಂಡಿತನಾದರೂ ಹಾಗೇ ಹೇಳುತ್ತಾನೆ ಎಂದರು. ಆಮೇಲೆ ಎಲ್ಲರಿಗೂ ಒಂದು ಪ್ರಶ್ನೆ ಹಾಕಿದರು. ದೊಡ್ಡರಾಣಿಗೆ ಅಳಲು ಒಂದಿಡೀ ಸಂಧಿ ಕೊಟ್ಟ ಕವಿ, ಮಣಿಲೇಖೆಗೆ ಅಳಲು ಒಂದು ಪದ್ಯವನ್ನೂ ಕೊಟ್ಟಿಲ್ಲ, ಯಾಕೆ? ಖಾಸಿಂ ಅಲಿ ಗಡ್ಡ ನೀವಿಕೊಂಡ. ಅಳಬೇಕೆಂದರೆ ಎದುರಿಗೆ ಕೇಳುವವರು ಯಾರಾದರೂ ಬೇಕಲ್ಲ ಎಂದ. ಕೇಶರಬಾಯಿಗೆ ಆ ಉತ್ತರ ತುಂಬ ಹಿಡಿಸಿತು. ಊರಲ್ಲಿ ನಿಂತು ಹಸಿದವಳ ತ್ಯಾಗವನ್ನು ಎಲ್ಲರೂ ನೋಡುತ್ತಾರೆ, ಹೊರಗೆ ಹೋಗಿ ಹಸಿದವಳದ್ದನ್ನು ನೋಡುವವರು ಇರುವುದಿಲ್ಲ, ಈ ಕವಿ ಅದಕ್ಕಾಗಿಯೇ ಈ ಸಂಧಿ ಬರೆದ ಎಂದರು. ದೊಡ್ಡರಾಣಿಯೂ ದೊಡ್ಡವಳೇ, ಅದರಲ್ಲಿ ಸಂಶಯ ಬೇಡ. ಇಬ್ಬರೂ ಕೂಡಿದರೇ ಆ ಊರು ಉಳಿಯಿತು ಎಂದರು. ಎಲ್ಲರೂ ಹೌದೆಂದು ತಲೆ ಹಾಕಿದರು.

ಹಾಗಿದ್ದರೆ ಒಂಬತ್ತನೆಯ ಸಂಧಿಯಲ್ಲಿ ದೊಡ್ಡರಾಣಿ ಮುಖ ತಿರುಗಿಸಿದ್ದು ಯಾಕೆ ಎಂದು ಕೊನೆಗೆ ಕೇಳಿದರು. ಕಾಶೀರಾಮ ಹಳೆಯ ಅರ್ಥವನ್ನೇ ಹೇಳಿದ, ಮಾನದಿಂದ. ಒಬ್ಬಳು ಸಿಟ್ಟಿನಿಂದ ಎಂದಳು. ಇನ್ನೊಬ್ಬಳು ಸವತಿ ಮತ್ಸರ ಎಂದಳು. ಕೇಶರಬಾಯಿ ಯಾವುದನ್ನೂ ತಪ್ಪೆನ್ನಲಿಲ್ಲ. ಅವರ ಕಣ್ಣು ಬೇವಿನ ಮರದ ಕಡೆಗೆ ಹೋಯಿತು. ಊರಿನವರೆಲ್ಲ ಅತ್ತ ತಿರುಗಿದರು. ಕೌಸಲ್ಯಾಬಾಯಿಯ ಕಣ್ಣು ನೆಲದ ಮೇಲಿತ್ತು. ಬಾಯಿ ತೆರೆದಾಗ ದನಿ ಅವಳದೇ ಅಲ್ಲದ ಹಾಗಿತ್ತು.

"ನಾಚಿಕಿ ಬಂದಿತ್ತರಿ ಆಕೀಗಿ. ಮಣಿಲೇಖಿ ಹೋಗೂದು ಆಕೀಗಿ ಗೊತ್ತಿತ್ತು. ಹೋಗಲಿ ಅಂತ ಸುಮ್ಮಿದ್ಲು. ಕಣಜದಾಗ ಇಬ್ಬರಿಗಿ ಸಾಲೂವಷ್ಟು ಇದ್ದಿದ್ದಿಲ್ಲ. ಆಮ್ಯಾಲ ಯಾವ ಮುಖಾ ಇಟಗೊಂಡು ನೋಡ್ಯಾಳು?"

 ಪದ್ಯದಲ್ಲಿ ಹಾಗೆಂದು ಎಲ್ಲೂ ಇರಲಿಲ್ಲ. ಹಾಗಲ್ಲವೆಂದೂ ಇರಲಿಲ್ಲ. ಆಯಿ, ನಾನು ಈ ಪುರಾಣವನ್ನು ಮತ್ತೆ ಮೊದಲಿನಿಂದ ಓದಬೇಕು ಎಂದು ಕೇಶರಬಾಯಿ ಹೇಳಿದರು. ಆ ಮಾತಿನಲ್ಲಿ ಹೊಗಳಿಕೆಯ ಸೋಗು ಇರಲಿಲ್ಲ. ಬೇರೆ ದಿನವಾಗಿದ್ದರೆ ಕೌಸಲ್ಯಾಬಾಯಿ ಉಬ್ಬಿ ಹೋಗುತ್ತಿದ್ದಳು. ಅಂದು ಬುಟ್ಟಿ ಎತ್ತಿಕೊಂಡು ಮಣ್ಣಿನ ಕಡೆಗೆ ನಡೆದಳು.

ರವಿವಾರ ಶಾಲುಬಾಯಿ ಬಂದಳು. ಬಾಗಿಲ ಹತ್ತಿರವೇ ನಿಂತಳು. ಉತ್ತರ ಏನೆಂದು ಅವಳಿಗೆ ಗೊತ್ತಿತ್ತು, ಕೇಳಿ ಹೋಗಲು ಬಂದ ಹಾಗಿತ್ತು ನಿಂತ ರೀತಿ. ಅನಸೂಯಾ ಗುಮ್ಮಿಯ ಹಿಂದೆ ಹೋಗಿರಲಿಲ್ಲ. ಆದರೆ ಅವ್ವನ ಹತ್ತಿರವೂ ಹೋಗಲಿಲ್ಲ, ಅಜ್ಜಿಯ ಸೀರೆ ಹಿಡಿದು ನಿಂತಿದ್ದಳು.

ಕೌಸಲ್ಯಾಬಾಯಿ ಚಾಪೆ ಹಾಸಿದಳು. ಕೂತುಕೊ ಎಂದಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ.

"ಅಲ್ಲಿ ಏನ ಉಣತಿದ್ದಿ?"

ಶಾಲುಬಾಯಿ ದಂಗಾದಳು. ಹೋಗಿ ಬಂದವಳನ್ನು ಯಾರ ಜೊತೆ ಇದ್ದೆ ಎಂದು ಕೇಳಿದವರಿದ್ದರು, ಏನು ತಂದೆ ಎಂದು ಕೇಳಿದವರಿದ್ದರು. ಏನು ಉಂಡೆ ಎಂದು ಯಾರೂ ಕೇಳಿರಲಿಲ್ಲ. ಅವಳು ಚಾಪೆಯ ತುದಿಗೆ ಕೂತು ಹೇಳತೊಡಗಿದಳು. ಹೈದರಾಬಾದಿನಲ್ಲಿ ಮೊದಲು ಇಟ್ಟಂಗಿ ಹೊತ್ತದ್ದು, ಕಟ್ಟುತ್ತಿದ್ದ ಮನೆಯ ಗೋಡೆಯ ಮಗ್ಗುಲಿಗೇ ಮಲಗಿದ್ದು, ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದು ಹಗಲು ಕಳೆದದ್ದು, ಜ್ವರ ಬಂದಾಗ ಜೊತೆಗೇ ದುಡಿಯುತ್ತಿದ್ದ ಬೀದರದ ಮರಿಯಮಬೀ ಗಂಜಿ ಕಾಸಿ ಕೊಟ್ಟದ್ದು, ಅವಳೇ ಹಾಸ್ಟೆಲಿನ ಕೆಲಸ ತೋರಿಸಿ ಮೈಲೂರಿಗೆ ಕರೆದು ತಂದದ್ದು. ಹಾಸ್ಟೆಲಿನ ಹುಡುಗಿಯರಿಗೆ ಬಡಿಸುವಾಗ ಅನಸೂಯಾಳ ನೆನಪಾಗಿ ಕೈ ನಿಂತುಬಿಡುತ್ತಿತ್ತು ಎಂದಳು. ಅಳುತ್ತ ಹೇಳಲಿಲ್ಲ, ಅಂಗಡಿಗೆ ಹೋಗಿ ಬಂದದ್ದನ್ನು ಹೇಳುವಂತೆ ಹೇಳಿದಳು. ಕೌಸಲ್ಯಾಬಾಯಿ ಒಮ್ಮೆಯೂ ಕೆಮ್ಮಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅನಸೂಯಾ ಯಾವಾಗ ಸೀರೆ ಬಿಟ್ಟು ಚಾಪೆಯ ಮೇಲೆ ಕೂತಳೋ ಯಾರೂ ನೋಡಲಿಲ್ಲ.

"ನಿಮಗ ಹೇಳಿ ಹೋಗಬೇಕಾಗಿತ್ತರಿ," ಎಂದಳು ಶಾಲುಬಾಯಿ ಕೊನೆಗೆ. "ಆದ್ರ ಎಬ್ಬಿಸಿದ್ರ ನೀವು ಹೋಗಬ್ಯಾಡ ಅಂತಿದ್ರಿ. ನೀವು ಬ್ಯಾಡಂದಿದ್ರ ನಾ ನಿಂತೇ ಬಿಡ್ತಿದ್ದೆ."

ಕೌಸಲ್ಯಾಬಾಯಿ ಮೊಮ್ಮಗಳನ್ನು ಒಮ್ಮೆ ನೋಡಿದಳು. ಹುಡುಗಿಯ ಎದುರಿಗೇ ಹೇಳಬೇಕು, ಇಲ್ಲದಿದ್ದರೆ ಹೇಳಿದ್ದಕ್ಕೆ ಅರ್ಥವಿಲ್ಲ ಅನಿಸಿತು.

"ಶಾಲು, ನಾ ಅವತ್ತ ಮಲಗಿದ್ದಿಲ್ಲ. ನೀ ನಿನ್ನ ಪಾಲಿನ ಜೋಳಾ ಎಲ್ಲಾ ನಮ್ಮ ಗಡಿಗ್ಯಾಗ ಸುರಿದು, ಬರೇ ಕೈಲೆ ಹೋಗೂದು ಕಣ್ಣಾರೆ ನೋಡಿದೆ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಮುಂಜಾನಿ ನೆರಿಯವರು ಕೇಳಿದ್ರ, ನಿನಗ ಹೆಸರು ಇಟ್ಟೆ."

 ಕೌಸಲ್ಯಾಬಾಯಿ ಏನು ಬಂದರೂ ಬರಲಿ ಎಂದು ಕಾದು ಕೂತಳು. ಸೊಸೆ ಬೈಯಬಹುದು, ಎದ್ದು ಹೋಗಬಹುದು, ಮಗಳನ್ನು ಎಳೆದುಕೊಂಡು ಹೋಗಬಹುದು. ಏನು ಮಾಡಿದರೂ ಸರಿ ಅನಿಸಿತ್ತು.

"ನನಗ ಗೊತ್ತಿತ್ತರಿ ಅತ್ತಿ," ಎಂದಳು ಶಾಲುಬಾಯಿ. "ಮಲಗಿದ್ರ ನೀವು ಗೊರಕಿ ಹೊಡೀತೀರಿ. ಅವತ್ತ ಗೊರಕಿ ಇದ್ದಿದ್ದಿಲ್ಲ."

ಮೊದಲು ನಕ್ಕವಳು ಅನಸೂಯಾ. ಅಜ್ಜಿಯ ಮಗ್ಗುಲಿಗೆ ಮಲಗುವ ಹುಡುಗಿ, ಆ ಗೊರಕೆ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಗು ತಡೆಯಲಾರದೆ ಅವ್ವನ ತೊಡೆಯ ಮೇಲೆ ಬಿದ್ದಳು. ಕೌಸಲ್ಯಾಬಾಯಿಯ ಕಣ್ಣಲ್ಲಿ ನೀರು ಬಂತು, ಅದರ ನಡುವೆಯೇ ನಕ್ಕಳು. ವರ್ಷವಿಡೀ ಗೊತ್ತಿದ್ದೂ ಯಾರ ಮುಂದೂ ಹೇಳದೆ, ಊರು ಇಟ್ಟ ಹೆಸರನ್ನು ಹೊತ್ತು ತಿರುಗಿದವಳು ಇವಳು. ಇಂಥ ಹೆಂಗಸು ತನ್ನ ಮನೆಯಲ್ಲೇ ಇದ್ದಳಲ್ಲ ಎಂದು ಅವಳನ್ನೇ ನೋಡುತ್ತ ಕೂತಳು.

ಬಸ್ಸಿನ ಹೊತ್ತಾಗುತ್ತಿತ್ತು. ಸಾಲೆಗೆ ಹೋಗಿ ದಾಖಲೆ ತರಬೇಕಾಗಿತ್ತು. ನೀವೂ ನಡೆಯಿರಿ ಎಂದು ಸೊಸೆ ಕರೆದಳು. ಮೈಲೂರಿನ ಕೋಣೆಯಲ್ಲಿ ಮೂವರಿಗೆ ಜಾಗವಿದೆ ಎಂದಳು. ಈ ವಾರದ ಮಣ್ಣಿನ ಕೆಲಸ ಮುಗಿಸಿ ಬರುತ್ತೇನೆ, ಶ್ರಾವಣಕ್ಕೆ ಮಾತ್ರ ನನ್ನನ್ನು ಇಲ್ಲಿಗೆ ತಿರುಗಿ ಕಳಿಸಬೇಕು ಎಂದು ಕೌಸಲ್ಯಾಬಾಯಿ ಹೇಳಿದಳು. ಆಮೇಲೆ ಮೊಮ್ಮಗಳ ಕೈ ಹಿಡಿದು ಸೊಸೆಯ ಕೈಗೆ ಕೊಟ್ಟಳು. ಮೂವರೂ ಸಾಲೆಯ ಕಡೆಗೆ ಹೊರಟರು. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಮಣಿಲೇಖಿ ಬಂದಿದ್ದಾಳಲ್ಲ ಎಂದು ಬಾಯಿ ತೆಗೆದಳು.

"ಹೌದು, ನನ್ನ ಸೊಸಿ ಬಂದಾಳ," ಎಂದಳು ಕೌಸಲ್ಯಾಬಾಯಿ.